ಮೊಂತಾಯು: ಲ್ಯಾಟಿನ್ ದಾಖಲೆಯೊಳಗಿನ ಒಂದು ಆಕ್ಸಿಟನ್ ಹಳ್ಳಿ

ಪಿರೆನೀಸ್ ಪರ್ವತದ ಉತ್ತರ ಇಳಿಜಾರಿನಲ್ಲಿ, ಅಂದಿನ ಫ್ವಾ ಸಂಸ್ಥಾನಕ್ಕೆ ಸೇರಿದ್ದ ಮೊಂತಾಯು ಹದಿನಾಲ್ಕನೆಯ ಶತಮಾನದ ಆರಂಭದಲ್ಲಿ ಸುಮಾರು 250 ಜನರ ಹಳ್ಳಿ. ನೆತ್ತಿಯಲ್ಲೊಂದು ಕೋಟೆ, ಅದರ ಕೆಳಗೆ ಮೆಟ್ಟಿಲುಮೆಟ್ಟಿಲಾಗಿ ಮನೆಗಳು. ಗೋಧಿ, ಓಟ್ಸ್, ಟರ್ನಿಪ್ ಬೆಳೆಯುತ್ತಿತ್ತು. ಆ ಎತ್ತರದ ಚಳಿಗೆ ದ್ರಾಕ್ಷಿ ಒಗ್ಗುತ್ತಿರಲಿಲ್ಲ. ಕುರಿಗಾಹಿಗಳು ಚಳಿಗಾಲಕ್ಕೆ ಮಂದೆಯೊಂದಿಗೆ ಬೆಟ್ಟ ದಾಟಿ ಕ್ಯಾಟಲೋನಿಯದತ್ತ ಹೋಗುತ್ತಿದ್ದರು. ಇಷ್ಟು ಸಾಧಾರಣವಾದ ಊರೊಂದರ ಅಂತರಂಗ ಇಂದಿಗೂ ತಿಳಿಯುತ್ತಿರುವುದು ಒಂದು ವಿಚಾರಣೆಯ ದೆಸೆಯಿಂದ. ಕಥಾರ್ ಪಾಷಂಡವನ್ನು ಹುಡುಕುತ್ತ ಪಾಮಿಯೆಯ ಬಿಷಪ್ ಜಾಕ್ ಫೂರ್ನಿಯೆ 1318ರಿಂದ 1325ರವರೆಗೆ ನಡೆಸಿದ 578 ವಿಚಾರಣೆಗಳ ದಾಖಲೆ, ಅವನು 1334ರಲ್ಲಿ ಪೋಪ್ ಆದುದರಿಂದ, ವ್ಯಾಟಿಕನ್ ಗ್ರಂಥಾಲಯ ಸೇರಿ ಉಳಿಯಿತು.

ಈ ದಾಖಲೆಯನ್ನಾಧರಿಸಿ ಎಮಾನ್ಯುಯೆಲ್ ಲರ್ವಾ ಲಾದುರಿ 1975ರಲ್ಲಿ ಪ್ರಕಟಿಸಿದ ಗ್ರಂಥ ಹಳ್ಳಿಯ ಕೇಂದ್ರದಲ್ಲಿ ‘ಮನೆ’ಯನ್ನು ಇಟ್ಟಿತು. ಅದು ಸರಿಯಾದ ಆಯ್ಕೆ. ಜನರ ಮಾತಿನ ‘ಒಸ್ತಾಲ್’ ಲ್ಯಾಟಿನ್ನಿನಲ್ಲಿ ‘ದೋಮುಸ್’ ಆಯಿತು. ಕಟ್ಟಡ ಮತ್ತು ಕುಟುಂಬ ಎರಡನ್ನೂ ಅದು ಹಿಡಿಯುತ್ತದೆ. ಕನ್ನಡದ ಓದುಗರಿಗೆ ಇಲ್ಲಿ ಟಿಪ್ಪಣಿ ಬೇಡ, ನಮ್ಮ ‘ಮನೆ’ಗೂ ಆ ಇಬ್ಬಗೆ ಇದೆ. ಪೊನ್ಸ್ ಕ್ಲೆರ್ಗ್ ತೀರಿಕೊಂಡಾಗ ಮನೆಯ ಅದೃಷ್ಟ ಅವನೊಡನೆ ಹೊರಟುಹೋಗಬಾರದೆಂದು ಶವದ ಕೂದಲನ್ನೂ ಉಗುರನ್ನೂ ಕತ್ತರಿಸಿ ಇಟ್ಟುಕೊಂಡರು. ಅವನ ಒಬ್ಬ ಮಗ ಬೆರ್ನಾರ್ ಸಂಸ್ಥಾನಾಧೀಶನ ಅಧಿಕಾರಿ. ಇನ್ನೊಬ್ಬ, ಪಿಯೆರ್, ಊರಿನ ಪಾದ್ರಿ. ಪಿಯೆರ್ ಪಾಷಂಡಿಗಳಿಗೂ ಆಪ್ತ, ಕಾರ್ಕಾಸೋನ್‌ನ ವಿಚಾರಣಾಧಿಕಾರಿಗಳಿಗೂ ಬೇಕಾದವ. 1308ರಲ್ಲಿ ಊರಿನ ವಯಸ್ಕರನ್ನೆಲ್ಲ ಬಂಧಿಸಿದ ಮೇಲೆ ಯಾರ ಮನೆ ಉಳಿಯಬೇಕು, ಯಾರದು ಅಳಿಯಬೇಕು ಎಂಬುದು ಬಹುಮಟ್ಟಿಗೆ ಅವನ ನಾಲಗೆಯ ಮೇಲೆ ನಿಂತಿತು. ಕೊನೆಗೆ ಅವನೂ ಸೆರೆಯಲ್ಲೇ ಸತ್ತ. ಕುರಿಗಾಹಿ ಪಿಯೆರ್ ಮೋರಿಗೆ ಮಾತ್ರ ಕಾಯಬೇಕಾದ ಮನೆಯಿರಲಿಲ್ಲ. ಹೆಗಲು ಹೊರುವಷ್ಟೇ ಆಸ್ತಿ, ಗಡಿಯ ಎರಡೂ ಕಡೆ ಗೆಳೆಯರು.

ಆದರೆ ಈ ಹಳ್ಳಿಗರು ಲ್ಯಾಟಿನ್ನಿನಲ್ಲಿ ಮಾತಾಡಲಿಲ್ಲ. ಅವರದು ಆಕ್ಸಿಟನ್. ಸಾವೆರ್ದುನ್ ಕಡೆಯವನಾದ ಫೂರ್ನಿಯೆಗೂ ಅದೇ ಮನೆಮಾತು, ದುಭಾಷಿಯ ಅಗತ್ಯವಿರಲಿಲ್ಲ. ಅಂತರ ಹುಟ್ಟಿದ್ದು ಕೇಳುವಲ್ಲಿ ಅಲ್ಲ, ಬರೆಯುವಲ್ಲಿ. ‘ನಾನು’ ಎಂದು ಆಡಿದ್ದು ಲಿಪಿಕಾರನ ಕೈಯಲ್ಲಿ ಬಹುಪಾಲು ‘ಅವಳು ಹೇಳಿದಳು’ ಎಂಬ ಪ್ರಥಮಪುರುಷಕ್ಕೆ ತಿರುಗಿತು. ಆಧುನಿಕ ಫ್ರೆಂಚ್ ಗ್ರಂಥ ಅದನ್ನು ಅನೇಕ ಕಡೆ ಮತ್ತೆ ‘ನಾನು’ ಮಾಡಿತು. ಓದುಗನಿಗೆ ಹಳ್ಳಿಯೇ ಎದುರು ಕುಳಿತು ಮಾತಾಡಿದಂತೆ ಭಾಸವಾಗುವುದು ಇದರಿಂದ. ಪುಸ್ತಕದ ಜನಪ್ರಿಯತೆಗೂ ಇದೇ ಕಾರಣವಿರಬಹುದು. ಅದರ ದೊಡ್ಡ ದೌರ್ಬಲ್ಯವೂ ಇದೇ. ರೆನಾತೊ ರೊಸಾಲ್ಡೊ ಆಕ್ಷೇಪಿಸಿದಂತೆ, ಭಯದ ಕೋಣೆಯಲ್ಲಿ ಹೊರಟ ಮಾತು ಜಗಲಿಯ ಹರಟೆಯಂತೆ ಕೇಳತೊಡಗುತ್ತದೆ.

ಹಾಗೆಂದು ಲಿಪಿಕಾರನನ್ನು ವಂಚಕನೆನ್ನಲಾಗದು. ವಿಚಾರಣೆಯ ವೇಳೆ ಗುರುತು ಹಾಕಿಕೊಂಡು, ಕರಡು ಸಿದ್ಧಪಡಿಸಿ, ಅದನ್ನು ಆರೋಪಿಗೆ ಆಡುಮಾತಿನಲ್ಲಿ ಓದಿ ಹೇಳಲಾಗುತ್ತಿತ್ತು. ತಿದ್ದುವ ಅವಕಾಶವೂ ಇತ್ತು. ಆರೋಪಿ ಒಪ್ಪಿದ ಬಳಿಕ ಆ ಒಪ್ಪಿಗೆಯನ್ನೂ ಲ್ಯಾಟಿನ್ನಿನಲ್ಲಿ ಬರೆದುಕೊಳ್ಳುತ್ತಿದ್ದರು.