ಅನಿಲವನ್ನರಿಯುವ ಸಚ್ಛಿದ್ರ ಅಯಸ್ಕಾಂತಗಳು

ಆಮ್ಲಜನಕವು ಅಯಸ್ಕಾಂತದ ಕಡೆಗೆ ಸೆಳೆಯಲ್ಪಡುವ ಅನಿಲವೆಂಬುದನ್ನು ಮೈಕೇಲ್ ಫ್ಯಾರಡೆ 1840ರ ದಶಕದ ಕೊನೆಯಲ್ಲಿ ತೋರಿಸಿದನು. ಸಾರಜನಕಕ್ಕೆ ಈ ಗುಣವಿಲ್ಲ. ಆಮ್ಲಜನಕದ ಅಣುವಿನಲ್ಲಿ ಜೊತೆಗೂಡದೆ ಉಳಿದ ಎರಡು ಎಲೆಕ್ಟ್ರಾನುಗಳೇ ಇದಕ್ಕೆ ಕಾರಣವೆಂಬುದು 20ನೆಯ ಶತಮಾನದಲ್ಲಿ ವಿಶದವಾಯಿತು. 1940ರಲ್ಲಿ ಲೈನಸ್ ಪಾಲಿಂಗ್ ಈ ಗುಣವನ್ನಾಧರಿಸಿ ಆಮ್ಲಜನಕದ ಪ್ರಮಾಣವನ್ನಳೆಯುವ ಉಪಕರಣವೊಂದನ್ನು ರಚಿಸಿದನು. ಅಲ್ಲಿ ಅಯಸ್ಕಾಂತವು ಅನಿಲವನ್ನು ಅಳೆಯಿತು. ಅನಿಲವೇ ಅಯಸ್ಕಾಂತದ ಸ್ವಭಾವವನ್ನು ಬದಲಿಸಬೇಕಾದರೆ, ಅದು ಒಳಹೊಕ್ಕು ನೆಲೆಸಲು ರಂಧ್ರಗಳಿರುವ ಅಯಸ್ಕಾಂತವೇ ಬೇಕು.

ಲೋಹದ ಅಯಾನುಗಳನ್ನು ಸಾವಯವ ಅಣುಗಳಿಂದ ಬೆಸೆದು, ಒಳಗೆ ತೆರಪುಳ್ಳ ಚೌಕಟ್ಟನ್ನು ಕಟ್ಟುವ ಮಾರ್ಗವನ್ನು ರಿಚರ್ಡ್ ರಾಬ್ಸನ್ 1989ರಲ್ಲಿ ತೋರಿದನು. ಇಂತಹ ಚೌಕಟ್ಟು ಕುಸಿಯದೆ ಅನಿಲವನ್ನು ಒಳಗೊಂಡು ಬಿಡಬಲ್ಲುದೆಂಬುದನ್ನು 1997ರಲ್ಲಿ ಸುಸುಮು ಕಿತಾಗಾವಾ ಸಿದ್ಧಪಡಿಸಿದನು. ಇವರಿಬ್ಬರಿಗೂ ಒಮರ್ ಯಾಘಿಗೂ 2025ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕವು ಸಂದಿತು.

ಈ ಚರಿತ್ರೆಯಲ್ಲಿ ಕನ್ನಡನಾಡಿಗೂ ಸ್ಥಾನವುಂಟು. ಬೆಂಗಳೂರಿನಲ್ಲಿ 1934ರಲ್ಲಿ ಜನಿಸಿದ ಸಿ. ಎನ್. ಆರ್. ರಾವ್ ಅವರು 1989ರಲ್ಲಿ ಅಲ್ಲಿಯೇ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿದರು. 2002ರಲ್ಲಿ ಅವರ ತಂಡವು, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಇ. ವಿ. ಸಂಪತ್ಕುಮಾರನ್ ಅವರೊಡಗೂಡಿ, ಜಪಾನೀ ಬುಟ್ಟಿಯ ಹೆಣಿಗೆಯಂತೆ ಅಯಾನುಗಳು ಜೋಡಿಸಿಕೊಂಡ ಕಬ್ಬಿಣದ ಸಲ್ಫೇಟುಗಳನ್ನು ಪ್ರಕಟಿಸಿತು. ಅವುಗಳ ಪದರಗಳ ನಡುವಣ ತೆರಪನ್ನು ಅಮೈನ್ ಅಣುಗಳು ತುಂಬಿದ್ದವು. ಅನಿಲಕ್ಕೆ ಎಡೆಗೊಡುವ ಚೌಕಟ್ಟುಗಳ ಅಭ್ಯಾಸವನ್ನು ಅದೇ ಕೇಂದ್ರದಲ್ಲಿ, ಕಿತಾಗಾವಾನ ಪ್ರಯೋಗಶಾಲೆಯಲ್ಲಿ ದುಡಿದು ಬಂದ ತಪಸ್ ಕುಮಾರ್ ಮಾಜಿ ಅವರು ಮುಂದುವರಿಸಿದರು.

2018ರಲ್ಲಿ ಜಪಾನಿನ ಹಿತೋಶಿ ಮಿಯಾಸಾಕಾನ ತಂಡವು ರುಥೇನಿಯಮ್ ಚೌಕಟ್ಟೊಂದನ್ನು ವರ್ಣಿಸಿತು. ಸಾರಜನಕ ಅಥವಾ ಇಂಗಾಲದ ಡೈ ಆಕ್ಸೈಡ್ ಒಳಹೊಕ್ಕಾಗ ಅದು ಅಯಸ್ಕಾಂತವಾಗಿಯೇ ಉಳಿಯಿತು; ಆಮ್ಲಜನಕವು ಹೊಕ್ಕಾಗಲಾದರೋ, ಒತ್ತಡವೇರಿದಂತೆ ಪದರಗಳ ಕಾಂತತ್ವವು ಪರಸ್ಪರ ಎದುರಾಗಿ ನಿಂತು ಅಡಗಿತು. ಅನಿಲವು ತನ್ನ ಸ್ವಂತ ಕಾಂತಗುಣದಿಂದಲೇ ಗುರುತಿಸಲ್ಪಟ್ಟಿತು.

ಇದು ಬರಿಯ ಕುತೂಹಲದ ಸಂಗತಿಯಲ್ಲ. ಸಾತಪುರದ ಕೈಗಾರಿಕಾ ವಸಾಹತನ್ನೊಳಗೊಂಡ ನಾಸಿಕ ನಗರದಲ್ಲಿಯೇ, 2021ರ ಏಪ್ರಿಲ್ 21ರಂದು, ಆಸ್ಪತ್ರೆಯೊಂದರ ಆಮ್ಲಜನಕದ ತೊಟ್ಟಿ ಸೋರಿ ಒತ್ತಡವಿಳಿದು 20ಕ್ಕೂ ಹೆಚ್ಚು ರೋಗಿಗಳು ಮಡಿದರು. ಆ ಸೋರಿಕೆಯನ್ನು ಯಾವ ಸ್ಫಟಿಕವೂ ತಡೆಯುತ್ತಿರಲಿಲ್ಲ. ಆದರೆ ಆಮ್ಲಜನಕವನ್ನು ಅರಿಯುವ, ಅಳೆಯುವ, ಬೇರ್ಪಡಿಸುವ ವಿದ್ಯೆಯ ಬೆಲೆಯೆಷ್ಟೆಂಬುದನ್ನು ಆ ದಿನವು ತಿಳಿಸಿತು. ಮಿಯಾಸಾಕಾನ ಚೌಕಟ್ಟು ದ್ರವವಾಯುವಿನಂತಹ ಕಡುಶೀತದಲ್ಲಿ ಮಾತ್ರವೇ ಈ ಗುಣವನ್ನು ತೋರುತ್ತದೆ. ಅದನ್ನು ಮನುಷ್ಯನು ಉಸಿರಾಡುವ ವಾತಾವರಣದ ಉಷ್ಣತೆಗೆ ತರುವುದೇ ಮುಂದಿನ ಸಂಶೋಧಕರಿಗುಳಿದ ಕಾರ್ಯವಾಗಿದೆ.