1884ರ ಗ್ರಾಂ ಪ್ರಬಂಧ: ವರ್ಗೀಕರಣವೋ, ಶ್ವಾಸಕೋಶದಲ್ಲಿ ಅಣುಜೀವಿಯ ಹುಡುಕಾಟವೋ?

ಬ್ಯಾಕ್ಟೀರಿಯಗಳ ವರ್ಗೀಕರಣದ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಫರ್ಡಿನಾಂಡ್ ಕೋನ್ 1872ರಲ್ಲಿ ಆಕಾರ ನೋಡಿ ಮಾಡಿದ ವಿಂಗಡಣೆಯಿಂದ ಹೊರಟು ನೇರವಾಗಿ 1884ಕ್ಕೆ ಬರುತ್ತಾರೆ. ಆ ವರ್ಷ ಡೆನ್ಮಾರ್ಕಿನ ಹಾನ್ಸ್ ಕ್ರಿಸ್ಟಿಯನ್ ಗ್ರಾಂ ಬ್ಯಾಕ್ಟೀರಿಯಗಳನ್ನು ಎರಡು ಗುಂಪಾಗಿ ವಿಂಗಡಿಸಿದರು ಎನ್ನುತ್ತಾರೆ. ಒಂದು ಪಠ್ಯದಿಂದ ಇನ್ನೊಂದಕ್ಕೆ ದಾಟುತ್ತಾ ಬಂದಿರುವ ಈ ಮಾತು ಮೂಲ ಪ್ರಬಂಧದ ಎದುರು ನಿಲ್ಲುವುದಿಲ್ಲ. ಆ ಪ್ರಬಂಧ ಇರುವುದೇ ಐದು ಪುಟ. ಅದನ್ನು ತೆರೆದು ನೋಡದೆ ಅದರ ಕರ್ತೃವಿನ ತಲೆಗೆ ಒಂದು ಸಿದ್ಧಾಂತವನ್ನು ಕಟ್ಟುವುದು ಚರಿತ್ರೆಗೆ ಬಗೆಯುವ ಅನ್ಯಾಯ.

ಗ್ರಾಂ ಆಗ ಬರ್ಲಿನ್‌ನಲ್ಲಿ ಕಾರ್ಲ್ ಫ್ರೀಡ್‌ಲೆಂಡರ್ ಅವರ ಬಳಿ ಕೆಲಸ ಮಾಡುತ್ತಿದ್ದರು. ಫ್ರೀಡ್‌ಲೆಂಡರ್ ರೋಗಶಾಸ್ತ್ರಜ್ಞರು, ನ್ಯುಮೋನಿಯದಿಂದ ಸತ್ತವರ ಶ್ವಾಸಕೋಶದಲ್ಲಿ ರೋಗಕಾರಕವನ್ನು ತೋರಿಸುವುದು ಅವರ ಮುಖ್ಯ ಕೆಲಸವಾಗಿತ್ತು. ಅದಕ್ಕೆ ಅಡ್ಡಿಯಾಗಿದ್ದದ್ದು ಬಣ್ಣ. ಉರಿಯೂತದಿಂದ ಗಟ್ಟಿಯಾದ ಶ್ವಾಸಕೋಶದ ತುಂಬ ಬಿಳಿ ರಕ್ತಕಣಗಳಿರುತ್ತವೆ. ಬ್ಯಾಕ್ಟೀರಿಯ ಹೀರಿಕೊಳ್ಳುವ ವರ್ಣಕವನ್ನೇ ಆ ಕಣಗಳ ಕೋಶಕೇಂದ್ರಗಳೂ ಹೀರಿಕೊಳ್ಳುತ್ತಿದ್ದವು. ಸೂಕ್ಷ್ಮದರ್ಶಕದ ಕೆಳಗೆ ಎಲ್ಲವೂ ಒಂದೇ ಬಣ್ಣ. ಯಾವ ಚುಕ್ಕೆ ರೋಗಾಣು, ಯಾವುದು ಕೋಶಕೇಂದ್ರದ ಚೂರು ಎಂದು ಹೇಳುವಂತಿರಲಿಲ್ಲ.

ಗ್ರಾಂ ಕಂಡುಕೊಂಡ ದಾರಿ ಹೀಗಿತ್ತು. ಆಲ್ಕೊಹಾಲಿನಲ್ಲಿ ಗಟ್ಟಿಗೊಳಿಸಿದ ಅಂಗಾಂಶದ ತೆಳು ಛೇದವನ್ನು ಅನಿಲಿನ್ ಬೆರೆಸಿದ ಜೆನ್ಷಿಯನ್ ವಯೊಲೆಟ್ ದ್ರಾವಣದಲ್ಲಿ ಒಂದರಿಂದ ಮೂರು ನಿಮಿಷ ಇಡಬೇಕು. ಬಳಿಕ ಒಂದು ಭಾಗ ಅಯೋಡಿನ್, ಎರಡು ಭಾಗ ಪೊಟ್ಯಾಸಿಯಂ ಅಯೊಡೈಡ್, 300 ಭಾಗ ನೀರಿನ ದ್ರಾವಣದಲ್ಲಿ ಮತ್ತೆ ಅಷ್ಟೇ ಹೊತ್ತು. ಛೇದ ಕಡು ನೇರಳೆಗೆ ತಿರುಗಿದ ಮೇಲೆ ಬಣ್ಣ ಬಿಡುವುದು ನಿಲ್ಲುವತನಕ ಆಲ್ಕೊಹಾಲಿನಲ್ಲಿ ತೊಳೆಯಬೇಕು. ಉಳಿದದ್ದನ್ನು ಲವಂಗದ ಎಣ್ಣೆ ತೆಗೆಯುತ್ತದೆ. ಕೊನೆಗೆ ಅಂಗಾಂಶವೆಲ್ಲ ತಿಳಿ ಹಳದಿ, ಬ್ಯಾಕ್ಟೀರಿಯ ಮಾತ್ರ ಗಾಢ ನೀಲಿ. ಕೋಶಕೇಂದ್ರಗಳನ್ನೂ ನೋಡಬೇಕೆಂದವರು ಆಮೇಲೆ ಕಂದು ಬಣ್ಣ ಹಾಕಿಕೊಳ್ಳಬಹುದು. ಇಂದಿನ ಪ್ರಯೋಗಾಲಯಗಳಲ್ಲಿ ನೇರಳೆ ಬಣ್ಣ ಬಿಟ್ಟ ‘ಗ್ರಾಂ ನೆಗೆಟಿವ್’ ಕೋಶಗಳಿಗೆ ಹಾಕುವ ಸಾಫ್ರನಿನ್‌ನ ಕೆಂಪು ಈ ವಿಧಾನದಲ್ಲಿಲ್ಲ. ಎರಡು ಗುಂಪು ಮಾಡಲು ಹೊರಟವನು ಎರಡನೆಯ ಗುಂಪಿಗೆ ಬಣ್ಣವನ್ನೇ ಗೊತ್ತುಮಾಡದೆ ಬಿಡುತ್ತಾನೆಯೆ?

ವಾದದ ತಿರುಳಿರುವುದು ಪ್ರಬಂಧದಲ್ಲಿ ಗ್ರಾಂ ಕೊಡುವ ಪಟ್ಟಿಯಲ್ಲಿ. ಕೀವುರೋಗಗಳು, ಸರ್ಪಿ, ಕ್ಷಯ, ನೆರಡಿ ರೋಗ ಮೊದಲಾದವುಗಳ ಅಣುಜೀವಿಗಳು ಬಣ್ಣ ಉಳಿಸಿಕೊಳ್ಳುತ್ತವೆ. ಟೈಫಾಯಿಡ್‌ನ ಬ್ಯಾಸಿಲಸ್ ಕಳೆದುಕೊಳ್ಳುತ್ತದೆ. ನ್ಯುಮೋನಿಯದ ಪ್ರಕರಣಗಳ ನಡುವೆಯೂ ಒಂದು ಅಪವಾದವಿದೆ: ಅದರಲ್ಲಿನ ಕವಚವುಳ್ಳ ಜೀವಿಗಳು ಸುಲಭವಾಗಿ ಬಣ್ಣ ಬಿಟ್ಟವು. ‘ವರ್ಗೀಕರಣ’ ಪಕ್ಷದವರು ಹಿಡಿದು ನಿಲ್ಲುವುದು ಇಲ್ಲಿಯೇ. ಬಣ್ಣ ಬಿಡುವವು, ಬಿಡದವು ಎಂದು ಎರಡನ್ನೂ ಗ್ರಾಂ ತಾವೇ ಬರೆದಿಟ್ಟಿದ್ದಾರಲ್ಲ, ಅದು ವಿಂಗಡಣೆಯಲ್ಲದೆ ಮತ್ತೇನು ಎಂಬುದು ಅವರ ಪ್ರಶ್ನೆ.

ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಆದರೆ ಪಟ್ಟಿಯನ್ನು ನಿಧಾನವಾಗಿ ಓದಬೇಕು. ಅದು ಕಟ್ಟಿಕೊಂಡಿರುವುದು ರೋಗಗಳ ಸುತ್ತ. ಕೋನ್ ಅವರ ಪಂಗಡಗಳ ಜೊತೆ ಅದನ್ನು ಹೊಂದಿಸುವ ಯತ್ನವಿಲ್ಲ. ಬಣ್ಣ ಬಿಡುವ ಜೀವಿಗಳು ಪರಸ್ಪರ ಸಂಬಂಧಿಗಳು ಎಂಬ ಸೂಚನೆಯೂ ಇಲ್ಲ. ವಿಧಾನ ಎಲ್ಲಿ ಕೆಲಸ ಮಾಡಿತು, ಎಲ್ಲಿ ಕೈಕೊಟ್ಟಿತು ಎಂಬ ಪ್ರಾಮಾಣಿಕ ವರದಿ ಅದು. ತಮ್ಮ ವಿಧಾನ ಇನ್ನೂ ಅಪೂರ್ಣ, ಅದರಲ್ಲಿ ಕೊರತೆಗಳಿವೆ, ಬೇರೆಯವರ ಕೈಯಲ್ಲಾದರೂ ಉಪಯೋಗಕ್ಕೆ ಬರಲಿ ಎಂಬ ಅರ್ಥದ ಮಾತಿನಿಂದ ಗ್ರಾಂ ಮುಗಿಸುತ್ತಾರೆ. ಟೈಫಾಯಿಡ್ ಬ್ಯಾಸಿಲಸ್ ಬಣ್ಣ ಬಿಟ್ಟದ್ದು ಆ ಕೊರತೆಗಳ ಲೆಕ್ಕಕ್ಕೇ ಸೇರುತ್ತದೆ ಎಂಬುದು ನನ್ನ ಓದು. ಸಂಪಾದಕರಾಗಿ ಫ್ರೀಡ್‌ಲೆಂಡರ್ ಸೇರಿಸಿದ ಟಿಪ್ಪಣಿಯೂ ಮೆಚ್ಚುವುದು ಬಣ್ಣ ಹಾಕುವ ಕ್ರಮವಾಗಿ ಇದರ ಗುಣವನ್ನು.

ನ್ಯುಮೋನಿಯದ ಆ ಒಂದು ಅಪವಾದವನ್ನು ಮಾತ್ರ ಅಷ್ಟು ಬೇಗ ಬಿಡಲಾಗದು. ನ್ಯುಮೋನಿಯಕ್ಕೆ ಕಾರಣವೆಂದು ಫ್ರೀಡ್‌ಲೆಂಡರ್ ಬೆಳೆಸಿ ತೋರಿಸಿದ ಜೀವಿಯನ್ನು ಇಂದು ನಾವು ಕ್ಲೆಬ್ಸಿಯೆಲ್ಲ ನ್ಯುಮೋನಿಯೆ ಎನ್ನುತ್ತೇವೆ. ಅದು ಬಣ್ಣ ಬಿಡುತ್ತದೆ. ಅದಕ್ಕೆದುರಾಗಿ ಆಲ್ಬರ್ಟ್ ಫ್ರೆಂಕೆಲ್ ಎತ್ತಿಹಿಡಿದದ್ದು ನ್ಯುಮೊಕಾಕಸ್. ಅದು ಬಣ್ಣ ಹಿಡಿದಿಡುತ್ತದೆ. ಹೆಚ್ಚಿನ ನ್ಯುಮೋನಿಯಗಳಿಗೆ ಕಾರಣ ಈ ಎರಡನೆಯದು ಎಂಬುದು 1886ರ ಹೊತ್ತಿಗೆ, ಫ್ರೆಂಕೆಲ್ ಮತ್ತು ಆಂಟನ್ ವೈಕ್ಸೆಲ್‌ಬೌಮ್ ಅವರ ಕೆಲಸದಿಂದ ಗಟ್ಟಿಯಾಯಿತು. ಹಾಗಾದರೆ ಎರಡು ರೋಗಕಾರಕಗಳನ್ನು ಗ್ರಾಂ 1884ರಲ್ಲೇ ಬೇರ್ಪಡಿಸಿದ್ದರೆ? ಇಲ್ಲ. ಅಪವಾದವಾಗಿದ್ದ ಪ್ರಕರಣದಲ್ಲಿ ಕ್ಲೆಬ್ಸಿಯೆಲ್ಲ ಇದ್ದಿರಬಹುದು, ನನಗೂ ಹಾಗೇ ತೋರುತ್ತದೆ. ಆದರೆ ಆ ಅರ್ಥ ಎರಡು ಜೀವಿಗಳಿವೆ ಎಂದು ಬಲ್ಲ ನಮ್ಮದು, ಗ್ರಾಂ ಅವರದಲ್ಲ. ತಮ್ಮ ಹಿರಿಯರ ವಾದವನ್ನೇ ಬುಡಮೇಲು ಮಾಡಬಲ್ಲ ಸಾಕ್ಷ್ಯ ಆ ಪ್ರಬಂಧದಲ್ಲಿತ್ತು. ಅದನ್ನು ಸಾಕ್ಷ್ಯವಾಗಿ ಓದುವ ಕಣ್ಣು ಆಗ ಯಾರಿಗೂ ಇರಲಿಲ್ಲ.

ಈ ಎಳೆಯನ್ನು ಸರಿಯಾಗಿ ಹಿಡಿದವರು ನ್ಯುಮೊಕಾಕಸ್ ಲಸಿಕೆಗಾಗಿ ದುಡಿದ ರಾಬರ್ಟ್ ಆಸ್ಟ್ರಿಯನ್. ಗ್ರಾಂ ವಿಧಾನಕ್ಕೂ ನ್ಯುಮೋನಿಯದ ಕಾರಣದ ಜಗಳಕ್ಕೂ ಇರುವ ನಂಟನ್ನು 1960ರ ಒಂದು ಪುಟ್ಟ ಲೇಖನದಲ್ಲಿ ಅವರು ಬಿಡಿಸಿ ತೋರಿಸಿದರು. ಅಷ್ಟು ಸ್ಪಷ್ಟವಾದ ಬರಹ ಕಣ್ಣೆದುರಿಗಿದ್ದೂ ಪಠ್ಯಕಾರರು ಹಳೆಯ ವಾಕ್ಯವನ್ನೇ ನಕಲು ಮಾಡುತ್ತಿರುವುದನ್ನು ಕ್ಷಮಿಸುವುದು ಕಷ್ಟ. ಗ್ರಾಂ ಅವರದು ಬರೀ ಅದೃಷ್ಟ ಎನ್ನುವ ಇನ್ನೊಂದು ಪಂಗಡದ ಮಾತನ್ನೂ ನಾನು ಒಪ್ಪೆ. ಕೈಕೊಟ್ಟ ಪ್ರಕರಣಗಳನ್ನು ಅವರು ಮುಚ್ಚಿಟ್ಟಿದ್ದರೆ ಮುಂದಿನವರ ಕೈಗೆ ಏನೂ ಸಿಗುತ್ತಿರಲಿಲ್ಲ.

ಕೈಕೊಟ್ಟ ಆ ಪ್ರಕರಣಗಳು ಒಂದು ಗುಂಪಿನ ಹೆಸರಾದದ್ದು ಬಹಳ ತಡವಾಗಿ. ವರ್ಗೀಕರಣಕ್ಕೆ ಶತಮಾನ ತಿರುಗುವ ಹೊತ್ತಿನಲ್ಲಿ ವಾಲ್ಟರ್ ಮಿಗುಲ ಕಶಾಂಗಗಳನ್ನು ನೋಡಿದರು. 1909ರಲ್ಲಿ ಓರ್ಲಾ-ಯೆನ್ಸನ್ ಜೀವಕ್ರಿಯೆಗಳನ್ನು ನೋಡಿದರು. ಬಣ್ಣ ಏಕೆ ಉಳಿಯುತ್ತದೆ ಎಂಬುದಕ್ಕೆ ಉತ್ತರ ಸಿಕ್ಕಿದ್ದು ಕೋಶಭಿತ್ತಿಯ ಅಧ್ಯಯನದಿಂದ. 1983ರಲ್ಲಿ ಟೆರಿ ಬೆವರಿಜ್ ಮತ್ತು ಡೇವಿಸ್ ಅಯೋಡಿನ್ ಬದಲಿಗೆ ಪ್ಲಾಟಿನಂ ಸಂಯುಕ್ತ ಬಳಸಿ ಇಡೀ ಕ್ರಿಯೆಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಹಿಂಬಾಲಿಸಿದರು. ಆಲ್ಕೊಹಾಲ್ ಇ. ಕೋಲೈಯ ಹೊರಪೊರೆಯನ್ನು ಕೆಡಿಸುತ್ತದೆ, ಒಳಗಿನ ತೆಳು ಪೆಪ್ಟಿಡೊಗ್ಲೈಕಾನ್ ಪದರ ಬಣ್ಣವನ್ನು ತಡೆಯಲಾರದು. ಬ್ಯಾಸಿಲಸ್ ಸಬ್ಟಿಲಿಸ್‌ನ ದಪ್ಪ ಭಿತ್ತಿ ತಡೆಯುತ್ತದೆ.

ಇದಕ್ಕೂ ಮೊದಲೇ, 1978ರಲ್ಲಿ, ಗಿಬನ್ಸ್ ಮತ್ತು ಮರ್ರಿ ಕೋಶಭಿತ್ತಿಯ ಆಧಾರದ ಮೇಲೆ ಬ್ಯಾಕ್ಟೀರಿಯಗಳ ಅತ್ಯುನ್ನತ ವಿಭಾಗಗಳನ್ನು ಸೂಚಿಸಿದ್ದರು. ‘ಗ್ರಾಂ ವರ್ಗೀಕರಣ’ ಎಂಬುದೊಂದು ಇದ್ದರೆ ಅದಕ್ಕೆ ಹಾಕಬೇಕಾದ ಇಸವಿ ಇದು. ವಿಚಿತ್ರವೆಂದರೆ ಅದರ ಹಿಂದಿನ ವರ್ಷವೇ ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ ರೈಬೊಸೋಮಿನ ಆರ್‌ಎನ್‌ಎ ಹೋಲಿಸಿ ಬೇರೊಂದು ವಂಶಾವಳಿಯನ್ನು ಮುಂದಿಟ್ಟಿದ್ದರು. ಆ ಬಗೆಯ ಹೋಲಿಕೆಯಲ್ಲಿ ಬಣ್ಣ ಬಿಡುವ ವೆಯಿಲೊನೆಲ್ಲ, ಬಣ್ಣ ಹಿಡಿಯುವ ಬ್ಯಾಸಿಲಸ್‌ನ ವಿಭಾಗಕ್ಕೇ ಸೇರುತ್ತದೆ. ಡೈನೊಕಾಕಸ್‌ಗೆ ಹೊರಪೊರೆಯಿದ್ದೂ ಬಣ್ಣ ನಿಲ್ಲುತ್ತದೆ. ಮೈಕೊಪ್ಲಾಸ್ಮಕ್ಕೆ ಭಿತ್ತಿಯೇ ಇಲ್ಲ. ಬಣ್ಣ ಬಿಡುವ ಜೀವಿಗಳೆಲ್ಲ ಒಂದೇ ಕುಲ ಎಂಬ ಮಾತಿಗೆ ಹೀಗೆ 1884ರ ಪ್ರಬಂಧದಲ್ಲೂ ಆಧಾರವಿಲ್ಲ, ಇಂದಿನ ವಂಶಾವಳಿಯಲ್ಲೂ ಇಲ್ಲ.