ಮತ್ತಿ, ಮದ್ದು, ಮದ್ದೂರು: ಒಂದು ಮರದ ಹೆಸರಿನ ಹಾದಿ

ಶಿಂಷಾ ಮತ್ತು ಕಾವೇರಿ ದಂಡೆಗಳಲ್ಲಿ ಬೆಳೆಯುವ, ಬಿಳುಪು ಬೂದಿ ಬಣ್ಣದ ನುಣುಪಾದ ತೊಗಟೆಯ ಹೆಮ್ಮರವನ್ನು ಕನ್ನಡಿಗರು ಹೊಳೆಮತ್ತಿ, ತೊರೆಮತ್ತಿ, ನೀರುಮತ್ತಿ ಎಂದು ಕರೆಯುತ್ತ ಬಂದಿದ್ದಾರೆ. ಒಣಗುಡ್ಡಗಳಲ್ಲಿ ಬೆಳೆಯುವ, ಮೊಸಳೆಯ ಬೆನ್ನಿನಂತೆ ಸೀಳುಬಿಟ್ಟ ತೊಗಟೆಯ ಇದರ ದಾಯಾದಿ ಕರಿಮತ್ತಿ. ನೆಲೆ, ಬಣ್ಣ ಎರಡನ್ನೂ ಹೆಸರಿನಲ್ಲೇ ಅಡಗಿಸಿಕೊಂಡಿರುವ ಈ ಜನಪದ ವರ್ಗೀಕರಣವು ಸಸ್ಯಶಾಸ್ತ್ರಜ್ಞರ ವಿಂಗಡಣೆಗೆ ಬಹುಮಟ್ಟಿಗೆ ಹೊಂದುತ್ತದೆ.

ತಮಿಳಿನ ‘ಮರುದು’, ತೆಲುಗಿನ ‘ಮದ್ದಿ’, ಕನ್ನಡದ ‘ಮತ್ತಿ’ ಒಂದೇ ಬಳಗದ ಮಾತುಗಳು. ಸಂಗಂ ಸಾಹಿತ್ಯದಲ್ಲಿ ನೀರಾವರಿಯ ಬಯಲುಸೀಮೆಗೆ ‘ಮರುದಂ’ ಎಂಬ ಹೆಸರು ಬಂದದ್ದು ಈ ಮರದಿಂದಲೇ. ಗದ್ದೆಬಯಲು, ಹೊಳೆದಂಡೆ, ಮರ ಮೂರೂ ಒಂದೇ ಕಲ್ಪನೆಯಾಗಿದ್ದ ಆ ಹೆಸರು ಶಿಂಷಾ ತೀರದ ಒಂದು ಊರಿಗೂ ಅಂಟಿಕೊಂಡಿತ್ತು. ಗಂಗವಾಡಿ ಚೋಳರ ಅಧೀನಕ್ಕೆ ಬಂದ ಮೇಲೆ ಈ ಸೀಮೆಯಲ್ಲಿ ತಮಿಳು ಶಾಸನಗಳು ಹೆಚ್ಚಿದವು. 1116ರ ಸುಮಾರಿಗೆ ವಿಷ್ಣುವರ್ಧನನು ತಲಕಾಡನ್ನು ಗೆದ್ದ ಅನಂತರವೂ ಆ ರೂಢಿ ನಿಲ್ಲಲಿಲ್ಲ. ಇಂಥ ಶಾಸನಗಳಲ್ಲಿ ಇಂದಿನ ಮದ್ದೂರು ‘ಮರುದೂರ್’ ಎಂದು ಕಾಣಿಸಿಕೊಳ್ಳುತ್ತದೆ. ಎಂದರೆ, ಮತ್ತಿಯ ಊರು.

ಮರುದೂರು ಮದ್ದೂರಾದದ್ದು ಕನ್ನಡದ ಧ್ವನಿಜಾಡಿಗೆ ಹೊರತಾದುದೇನಲ್ಲ. ಹಳಗನ್ನಡದ ‘ಇರ್ದ’ ಹೊಸಗನ್ನಡದಲ್ಲಿ ‘ಇದ್ದ’ ಆದಂತೆ, ‘ಮರ್ದು’ ‘ಮದ್ದು’ ಆದಂತೆ, ನಡುವಣ ರಕಾರ ಸವೆದು ಮುಂದಿನ ವ್ಯಂಜನ ಇಮ್ಮಡಿಸಿತು. ತೊಡಕು ಹುಟ್ಟಿದ್ದು ಇಲ್ಲಿಯೇ. ಊರ ಹೆಸರಿನಲ್ಲಿ ದಕಾರ ಉಳಿಯಿತು. ಮರವಾದರೋ ಆಡುನುಡಿಯಲ್ಲಿ ತಕಾರದ ‘ಮತ್ತಿ’ಯಾಗಿಯೇ ನಿಂತಿತು. ಹೀಗಾಗಿ ಹೊಳೆದಂಡೆಯ ಮತ್ತಿಯನ್ನು ದಿನವೂ ಹೆಸರಿಟ್ಟು ಕರೆಯುವವನಿಗೂ ತನ್ನ ಊರಿನ ಹೆಸರಿನಲ್ಲಿ ಆ ಮರ ಕೇಳಿಸದಾಯಿತು. ತೆರವಾದ ಅರ್ಥದ ಜಾಗಕ್ಕೆ ‘ಮದ್ದು’ ಬಂದು ಕುಳಿತಿತು. ಹೈದರ್, ಟಿಪ್ಪುಗಳ ಯುದ್ಧಗಳ ನೆನಪು ದಟ್ಟವಾಗಿರುವ ಸೀಮೆಯಲ್ಲಿ ಅದು ಕೋವಿಯ ಮದ್ದೇ ಆದುದು ಸಹಜ. ಆದರೆ ಮರುದೂರ್ ಎಂಬ ರೂಪವು ಟಿಪ್ಪುವಿಗಿಂತ ಶತಮಾನಗಳಷ್ಟು ಹಿಂದಿನದು. ಸಿಡಿಮದ್ದಿನ ವಿವರಣೆ ಕಾಲಗಣನೆಗೆ ನಿಲ್ಲುವುದಿಲ್ಲ.

ಇನ್ನೊಂದು ವಿವರಣೆ ಪೌರಾಣಿಕವಾದುದು. ಸ್ಥಳಪುರಾಣದಲ್ಲಿ ಮದ್ದೂರು ಅರ್ಜುನಪುರಿ. ನರಸಿಂಹನ ರೂಪವನ್ನು ಕಾಣಬಯಸಿದ ಅರ್ಜುನನಿಗಾಗಿ ಕೃಷ್ಣನು ಬ್ರಹ್ಮನಿಂದ ಉಗ್ರನರಸಿಂಹನ ಮೂರ್ತಿಯನ್ನು ಮಾಡಿಸಿದನೆಂಬುದು ಇಲ್ಲಿಯ ಐತಿಹ್ಯ. ಇದನ್ನು ಕಟ್ಟುಕತೆಯೆಂದು ಬದಿಗಿಡುವ ಇತಿಹಾಸಕಾರರು ಒಂದು ಸಂಗತಿಯನ್ನು ಗಮನಿಸುವುದಿಲ್ಲ. ‘ಅರ್ಜುನ’ ಎಂಬ ಸಂಸ್ಕೃತ ಪದಕ್ಕೆ ಬಿಳುಪು ಎಂಬುದು ಮೂಲಾರ್ಥ. ಬಿಳಿತೊಗಟೆಯ ಹೊಳೆಮತ್ತಿಗೂ ಅದೇ ಹೆಸರು. ಭಾಗವತದಲ್ಲಿ ಬಾಲಕೃಷ್ಣನು ಒರಳೆಳೆದು ಉರುಳಿಸಿದ ಯಮಳಾರ್ಜುನಗಳೂ ಮರಗಳೇ. ಕಾವೇರಿಯ ಕೆಳಹರಿವಿನಲ್ಲಿ, ತಂಜಾವೂರು ಸೀಮೆಯ ತಿರುವಿಡೈಮರುದೂರನ್ನು ಸಂಸ್ಕೃತದಲ್ಲಿ ಮಧ್ಯಾರ್ಜುನವೆಂದು ಕರೆಯುತ್ತಾರೆ; ಅಲ್ಲಿಯ ಸ್ಥಳವೃಕ್ಷ ಮರುದು. ಮರುದೂರು ಅರ್ಜುನಪುರಿಯಾದದ್ದೂ ಇದೇ ಬಗೆಯ ಅನುವಾದವೆಂದು ತಿಳಿಯಲು ಅಡ್ಡಿಯಿಲ್ಲ. ಮೊದಲು ಮರಕ್ಕೆ ಮರವೇ ಪರ್ಯಾಯವಾಯಿತು. ಕಾಲಾಂತರದಲ್ಲಿ ಕೇಳುಗರು ಅಲ್ಲಿ ಪಾಂಡವನನ್ನು ಕಂಡರು. ಆಡುಮಾತು ಕಳೆದುಕೊಂಡ ಮರವನ್ನು ಪುರಾಣವು, ತನಗೇ ಅರಿವಿಲ್ಲದೆ, ಉಳಿಸಿಕೊಂಡಿದೆ.

ಸ್ಥಳನಾಮಗಳನ್ನು ವ್ಯಕ್ತಿಗೋ ಘಟನೆಗೋ ಕಟ್ಟುವ ಈ ಒಲವು ಮದ್ದೂರಿಗಷ್ಟೇ ಸೀಮಿತವಲ್ಲ. ಮಂಡ್ಯಕ್ಕೆ ಮಾಂಡವ್ಯ ಋಷಿ ದೊರೆತಿದ್ದಾನೆ. ಮಳವಳ್ಳಿ ತಾಲ್ಲೂಕಿನ ಮುತ್ತತ್ತಿಯಲ್ಲಿ ಸೀತೆಯ ಮೂಗುತಿಯ ಮುತ್ತು ಹೊಳೆಗೆ ಬಿತ್ತೆಂದೂ ಆಂಜನೇಯನು ಅದನ್ನೆತ್ತಿ ಮುತ್ತೆತ್ತರಾಯನಾದನೆಂದೂ ಹೇಳುತ್ತಾರೆ.

ಮದ್ದೂರಿನ ಸುತ್ತ ಇಂದು ಕಬ್ಬು, ತೆಂಗು ಹೊಳೆಯಂಚಿನವರೆಗೂ ಬಂದಿವೆ. ಮರಳು ತೆಗೆದು ದಂಡೆ ಕುಸಿದ ಕಡೆಗಳಲ್ಲಿ ಮತ್ತಿಗೆ ನೆಲೆಯಿಲ್ಲ. ನೆಡುತೋಪುಗಳಲ್ಲಿ ಅದೇ ಮರಕ್ಕೆ ‘ಅರ್ಜುನ’ ಎಂಬ ಫಲಕ ಹಾಕುವುದೂ ಉಂಟು. ಹೊಳೆಮತ್ತಿ ಸಾಲುಗಟ್ಟಿ ನಿಂತದ್ದನ್ನು ನೋಡಬೇಕಾದರೆ ಶಿಂಷೆಯು ಕಾವೇರಿಯನ್ನು ಕೂಡಿದ ಎಡೆಯಿಂದ ಕೆಳಕ್ಕೆ, ಮುತ್ತತ್ತಿಯ ಕಾಡಿನವರೆಗೆ ಹೋಗಬೇಕು. ಅಲ್ಲಿ ಅವುಗಳ ಬೇರು ಇನ್ನೂ ನೀರಿಗೆ ಇಳಿದಿವೆ.